ಲಿನಕ್ಸ್‌ನಲ್ಲಿ ಎಸ್‌ಡಿ ಕಾರ್ಡ್ ಕಾಣ್ತಿಲ್ವಾ?

ತುಮಕೂರಲ್ಲಿ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಮದುವೆ ಫೋಟೋ ಕೆಲಸ ಮಾಡೋರು ದಯವಿಟ್ಟು ಗಮನಿಸಿ. ಹೊಸ ಕಾರ್ಡ್ ರೀಡರ್ ಕೊಳ್ಳೋ ಮೊದಲು ಲ್ಯಾಪ್‌ಟಾಪ್‌ನಲ್ಲಿರೋ ರೀಡರ್‌ನ ಚಿಪ್ ಯಾವುದು ಅಂತ ನೋಡಿ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ (lspci) ಕಮಾಂಡ್ ಕೊಟ್ಟಾಗ ರಿಯಲ್‌ಟೆಕ್ ಆರ್‌ಟಿಎಸ್ 5229 ಬಂದರೆ ಅದರ ಡ್ರೈವರ್ ಕರ್ನೆಲ್ (ಲಿನಕ್ಸ್‌ನ ತಿರುಳು) 3.8ರಿಂದಲೇ ಒಳಗಿದೆ. ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್‌ನಲ್ಲಿ ಆರ್‌ಟಿಎಸ್ 5129 ಅಥವಾ 5139 ಕಂಡರೆ ಕರ್ನೆಲ್ 3.16 ಅಥವಾ ಅದಕ್ಕಿಂತ ಹೊಸದು ಬೇಕು. ಹಳೇ ಡ್ರೈವರ್ ಇಳಿಸಿ ಕಂಪೈಲ್ ಮಾಡಲೇಬೇಡಿ, ಹೊಸ ಕರ್ನೆಲ್ ಜೊತೆ ಅದು ಹೊಂದಲ್ಲ.

ಎಷ್ಟೋ ಸಲ ಕಾರ್ಡ್ ಬಂದಿರುತ್ತೆ, ನಾವು ಪೆನ್‌ಡ್ರೈವ್‌ಗೆ ಬರೋ ಥರ ‘ಎಸ್‌ಡಿಬಿ’ (sdb) ಅನ್ನೋ ಹೆಸರು ಹುಡುಕ್ತಿರ್ತೀವಿ. ಈ ಚಿಪ್‌ಗಳಲ್ಲಿ ಕಾರ್ಡ್‌ನ ಹೆಸರು ಸಾಮಾನ್ಯವಾಗಿ ‘ಎಂಎಂಸಿಬಿಎಲ್‌ಕೆ0’ (mmcblk0). ಡಿಸ್ಕ್‌ಗಳ ಪಟ್ಟಿ ಕೊಡೋ ‘ಎಲ್‌ಎಸ್‌ಬಿಎಲ್‌ಕೆ’ (lsblk) ಕಮಾಂಡ್‌ನಲ್ಲಿ ಅದಿದ್ದೂ ತೆರೆಯದಿದ್ದರೆ ಫೈಲ್ ಸಿಸ್ಟಮ್ (ಕಾರ್ಡ್‌ನಲ್ಲಿ ಫೈಲ್ ಜೋಡಿಸೋ ವಿಧಾನ) ನೋಡಿ: 64 ಜಿಬಿ ಕಾರ್ಡ್‌ನಲ್ಲಿ ಅದು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ (exFAT). 5.4ಕ್ಕಿಂತ ಹಳೇ ಕರ್ನೆಲ್‌ನಲ್ಲಿ ಅದನ್ನು ಓದೋಕೆ ‘ಎಕ್ಸ್‌ಫ್ಯಾಟ್-ಫ್ಯೂಸ್’ (exfat-fuse) ಪ್ಯಾಕೇಜ್ ಬೇಕು. ಫಾರ್ಮ್ಯಾಟ್ ಒತ್ತಬೇಡಿ, ಫೋಟೋ ಹೋಗುತ್ತೆ.