ಹಾಡಿನಲ್ಲಿ ಅಡಗಿದ್ದ ಗರಗರ ಟೋನ್‌ನಲ್ಲಿ ಸಿಕ್ಕಿತು

ಬೇಸಿಗೆ ಬಂತು ಅಂದ್ರೆ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಸಾಲು. ಕ್ಯಾತ್ಸಂದ್ರದಲ್ಲಿ ನನ್ನದು ಸಣ್ಣ ಸೌಂಡ್ಸ್ ವ್ಯವಹಾರ. ಎಂಟು ಸ್ಪೀಕರ್ ಬಾಕ್ಸ್, ನಾಲ್ಕು ಹಾರ್ನ್, ಎರಡು ಆಂಪ್ಲಿಫೈಯರ್, ಅಷ್ಟೇ. ಎರಡು ವರ್ಷದ ಹಿಂದೆ ಗುಬ್ಬಿ ಹತ್ತಿರದ ಒಂದು ಹಳ್ಳಿಯ ನಾಟಕದಲ್ಲಿ, ರಾತ್ರಿ ಎರಡು ಗಂಟೆ ಇರಬೇಕು, ಹಾರ್ಮೋನಿಯಂ ಮೇಷ್ಟ್ರು ನನ್ನನ್ನು ಕರೆದರು. "ಎಡಗಡೆ ಬಾಕ್ಸು ಗರಗರ ಅಂತೈತೆ ಕಣಪ್ಪಾ. ನಾನು ಕೆಳಗಿನ ಸ್ವರ ಹಿಡಿದಾಗ ಮಾತ್ರ" ಅಂದರು. ಹತ್ತಿರ ಹೋಗಿ ಕಿವಿ ಇಟ್ಟೆ. ನಿಜ.

ಬೆಳಿಗ್ಗೆ ಮನೆಗೆ ತಂದು ಹಾಡು ಹಾಕಿದರೆ ಏನೂ ಇಲ್ಲ, ಚೆನ್ನಾಗೇ ಹಾಡುತ್ತೆ. ರಿಪೇರಿಗೆ ಕೊಟ್ಟೆ. ಸ್ಪೀಕರ್ ಒಳಗಿನ ಕಾಯಿಲ್, ಅಂದ್ರೆ ತಂತಿ ಸುರುಳಿ, ಹೋಗಿದೆ ಅಂತ ರೀಕೋನ್ ಮಾಡಿ (ಕಾಯಿಲ್ ಜೊತೆಗೆ ಸದ್ದು ಹೊರಡಿಸುವ ಕೋನನ್ನೂ ಬದಲಿಸಿ) 2,200 ರೂಪಾಯಿ ತಗೊಂಡರು. ಮುಂದಿನ ನಾಟಕದಲ್ಲಿ ಮತ್ತೆ ಅದೇ ಗರಗರ. ಮತ್ತೆ ಕೊಟ್ಟೆ, ಮತ್ತೆ ಒಂಬೈನೂರೋ ಸಾವಿರವೋ ಹೋಯಿತು. ಮೂರು ಸಾವಿರದ ಮೇಲೆ ಖರ್ಚಾದರೂ ಗರಗರ ಮಾತ್ರ ಅಲ್ಲೇ ಇತ್ತು.

ಆಗ ಹೊಳೆದಿದ್ದು ಮೇಷ್ಟ್ರ ಮಾತು. ಒಂದು ಸ್ವರ ಹಿಡಿದಾಗ ಮಾತ್ರ ಬರುತ್ತೆ ಅಂದ್ರೆ, ನಾನೂ ಒಂದೊಂದೇ ಸ್ವರ ಹಿಡಿದು ಕೇಳಬೇಕು ಅಲ್ವಾ? ಒಂದೇ ಸ್ವರವನ್ನು ಬಿಡದೆ ನುಡಿಸುವ ಟೋನ್ ಜನರೇಟರ್ ಆ್ಯಪ್ ಫೋನ್‌ಗೆ ಹಾಕಿಕೊಂಡು ಆಂಪ್ಲಿಫೈಯರ್‌ಗೆ ಕೊಟ್ಟು, 40 ಹರ್ಟ್ಜ್‌ನಿಂದ (ಅಂದ್ರೆ ಸೆಕೆಂಡಿಗೆ 40 ಕಂಪನ, ಅಂಕಿ ಏರಿದಷ್ಟೂ ಸ್ವರ ಮೇಲೆ) ಶುರು ಮಾಡಿ ಬೆರಳಲ್ಲಿ ನಿಧಾನವಾಗಿ ಮೇಲಕ್ಕೆ ಎಳೆದೆ. ನಮ್ಮ ಸೌಂಡ್ಸ್ ಲೈನ್‌ನವರು ನೋಡಿ, "ಅಣ್ಣಾ, ಹಿಂಗೆ ಕುಯ್ಯೋ ಅನ್ನಿಸ್ಕೊಂಡು ಕೂತ್ರೆ ಬಾಕ್ಸ್ ರಿಪೇರಿ ಆಗುತ್ತಾ?" ಅಂದರು.

ಮೊದಲ ತಿಂಗಳು ಅವರು ಹೇಳಿದ ಹಾಗೇ ಆಯಿತು. ಎಲ್ಲಾ ಬಾಕ್ಸ್‌ನಲ್ಲೂ ತೊಂದರೆ ಇದ್ದ ಹಾಗೆ ಕೇಳಿಸೋದು. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಫೋನ್‌ನಲ್ಲಿ ಬೇಸ್ ಹೆಚ್ಚಿಸುವ ಎಫೆಕ್ಟ್ ಆನ್ ಇತ್ತು. ಅದನ್ನು ತೆಗೆದೆ. ಆಮೇಲೆ 130ರ ಹತ್ತಿರ ಎಲ್ಲ ಬಾಕ್ಸ್‌ಗೂ ಝಣಝಣ. ಅದು ಬಾಕ್ಸ್ ಅಲ್ಲ, ಶೋಕೇಸ್‌ನಲ್ಲಿದ್ದ ಸ್ಟೀಲ್ ಲೋಟಗಳು! ಅವತ್ತಿಂದ ಪರೀಕ್ಷೆ ಎಲ್ಲಾ ತಾರಸಿ ಮೇಲೆ. ನಮ್ಮ ಹಾಲ್ ಹತ್ತಡಿ ಅಗಲ, ಒಳಗಿದ್ದರೆ 55ರ ಆಸುಪಾಸಿನಲ್ಲಿ ರೂಮೇ ಗುಂಯ್‌ಗುಡುತ್ತೆ, ಬಾಕ್ಸ್‌ನದು ಯಾವುದು ಗೋಡೆಯದು ಯಾವುದು ಅಂತ ಬಿಡಿಸೋಕೆ ಆಗಲ್ಲ. ಇನ್ನೊಂದು ನಷ್ಟ, ಮೇಲಿನ ಸ್ವರಗಳಿಗೆ ಇರುವ ಪುಟ್ಟ ಸ್ಪೀಕರ್, ಟ್ವೀಟರ್, ಅದಕ್ಕೆ ಕೆಳಗಿನ ಸ್ವರ ಹೋಗದಂತೆ ತಡೆಯುವ ಕೆಪಾಸಿಟರ್ ಬಿಚ್ಚಿ ನೇರವಾಗಿ ಟೋನ್ ಕೊಟ್ಟೆ, ಕೆಳಗಿನ ಟೋನ್‌ಗೆ ಎರಡು ಟ್ವೀಟರ್ ಸುಟ್ಟವು. ಒಂದಕ್ಕೆ 650 ರೂಪಾಯಿ ಇರಬೇಕು. ಹಾಡಿನ ಹಾಗಲ್ಲ ಟೋನ್, ಬಿಡುವೇ ಕೊಡಲ್ಲ, ಕಾಯಿಲ್ ಬಿಸಿಯಾಗುತ್ತಲೇ ಇರುತ್ತೆ. ಮನೇಲಿ ಮಾತಾಡುವಷ್ಟು ಸದ್ದು ಸಾಕು, ಅದಕ್ಕಿಂತ ಜಾಸ್ತಿ ಬೇಡವೇ ಬೇಡ.

ಕೊನೆಗೆ ಒಂದು ಭಾನುವಾರ ಆ ಎಡಗಡೆ ಬಾಕ್ಸ್ 185ಕ್ಕೆ ಸಿಕ್ಕಿಬಿದ್ದಿತು. 175ಕ್ಕೆ ಇಲ್ಲ, 195ಕ್ಕೂ ಇಲ್ಲ. ಹಾಡಿನಲ್ಲಿ ಆ ಜಾಗ ಕ್ಷಣದಲ್ಲಿ ದಾಟಿ ಹೋಗುತ್ತೆ, ಮೇಷ್ಟ್ರು ಸ್ವರ ಎಳೆದಾಗ ಮಾತ್ರ ಬಾಯಿ ಬಿಡುತ್ತೆ. ನೀರಿನ ಪೈಪ್‌ನ ಮೂರಡಿ ತುಂಡು ತಗೊಂಡು ಒಂದು ತುದಿ ಕಿವಿಗೆ ಇಟ್ಟುಕೊಂಡೆ, ಇನ್ನೊಂದು ತುದಿಯನ್ನು ಬಾಕ್ಸ್ ಸುತ್ತ ಆಡಿಸಿದೆ. ಕೋನ್ ಹತ್ತಿರ ಏನೂ ಇಲ್ಲ. ಪಕ್ಕದ ಕಬ್ಬಿಣದ ಹಿಡಿ ಹತ್ತಿರ ಬಂದಾಗ ಜೀರುಂಡೆ ಕೂಗಿದ ಹಾಗೆ ಕೇಳಿಸಿತು. ಹೆಬ್ಬೆರಳಲ್ಲಿ ಒತ್ತಿದೆ, ನಿಂತಿತು. ಬಿಟ್ಟೆ, ಮತ್ತೆ ಶುರು. ನಾಲ್ಕು ಸ್ಕ್ರೂನಲ್ಲಿ ಒಂದು ಸಡಿಲವಾಗಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಹಿಡಿ ಕೆಳಗೆ ಇಟ್ಟು ಸ್ಕ್ರೂ ಬಿಗಿ ಮಾಡಿದೆ. ಖರ್ಚು ಸೊನ್ನೆ. ಆ ವರ್ಷ ಆ ಬಾಕ್ಸ್ ಮತ್ತೆ ಇಪ್ಪತ್ತು ನಾಟಕ ಮಾಡಿತು, ಯಾರೂ ದೂರು ಹೇಳಲಿಲ್ಲ.

ಅದೇ ಹುರುಪಿನಲ್ಲಿ ಉಳಿದ ಏಳನ್ನೂ ಹಿಡಿದೆ. ಒಂದರಲ್ಲಿ ಕಾಯಿಲ್ ನಿಜವಾಗಿಯೂ ಉಜ್ಜುತ್ತಿತ್ತು, 35ಕ್ಕೆ ಸಣ್ಣ ಸದ್ದಿನಲ್ಲಿ ಇಟ್ಟರೆ ಮರಳು ಕಾಗದ ಎಳೆದ ಹಾಗೆ ಕೇಳಿಸುತ್ತೆ. ಒಂದರ ವೈರ್ ತಿರುವುಮುರುವು, ಒಂದೂವರೆ ವೋಲ್ಟ್ ಸೆಲ್ ಮುಟ್ಟಿಸಿದರೆ ಕೋನ್ ಮುಂದೆ ಬರುವ ಬದಲು ಒಳಗೆ ಹೋಯಿತು. ಜೋಡಿ ಹಾಕಿದಾಗ ಬೇಸ್ ಯಾಕೆ ಸತ್ತಿರುತ್ತೆ ಅನ್ನೋದಕ್ಕೆ ಅವತ್ತು ಉತ್ತರ ಸಿಕ್ಕಿತು, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ಇನ್ನೆರಡರಲ್ಲಿ ಗಾಳಿ ಸೋರಿಕೆ. ಇದಕ್ಕೆ ಊದುಬತ್ತಿ ಹಚ್ಚಿ, ಮುಂದಿನ ತೂತಿಗೆ ಬಟ್ಟೆ ತುರುಕಿ, 50ಕ್ಕೆ ಟೋನ್ ಇಟ್ಟು, ಗಾಳಿ ಆಡದ ಹೊತ್ತಲ್ಲಿ ಮೂಲೆ ಮೂಲೆ ಸವರಿಕೊಂಡು ಬಂದೆ. ಸೋರುವ ಜಾಗದಲ್ಲಿ ನೆಟ್ಟಗೆ ಏಳುವ ಹೊಗೆ ನಡುಗುತ್ತೆ. ಸಂದಿಗೆ ತುಂಬುವ ಅಂಟು ನಾನೇ ಕಲಸಿಕೊಂಡಿದ್ದು, ಅದರ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೆಡ್‌ಫೋನ್ ಕಡೆ ಹೋಗಿದ್ದು ಪಕ್ಕದ ಮನೆ ಹುಡುಗನಿಂದ. "ಅಂಕಲ್, ಮ್ಯೂಸಿಕ್ ಬರುತ್ತೆ, ಹಾಡೋರ ಧ್ವನಿ ಮಾತ್ರ ಬರಲ್ಲ" ಅಂದ. ಕೇಳಿದೆ, ಹೌದು, ಧ್ವನಿ ಬಾವಿಯೊಳಗೆ ಇದ್ದ ಹಾಗೆ. ಜಾಕ್ ಹತ್ತಿರ ಗ್ರೌಂಡ್ ವೈರ್ ತುಂಡಾದರೆ ಹಾಗೇ ಆಗೋದು, ಎಡಕ್ಕೂ ಬಲಕ್ಕೂ ಸಮಾನವಾಗಿರೋದೆಲ್ಲ ಕಳೆದು ಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತೆ. ಮೂವತ್ತು ರೂಪಾಯಿಯ ಜಾಕ್ ಹಾಕಿಕೊಟ್ಟೆ. ಈಗ ಯಾವ ಹೆಡ್‌ಫೋನ್ ಬಂದರೂ ಮೊದಲು ಎರಡೂ ಕಡೆಗೆ ಒಂದೇ ಶಬ್ದ ಬಿಡುತ್ತೇನೆ. ತಲೆಯ ನಡುಮಧ್ಯ ಕೇಳಿಸಬೇಕು. ಒಂದು ಪಕ್ಕಕ್ಕೆ ವಾಲಿದರೆ ಬಹುಪಾಲು ಜಾಲರಿಯಲ್ಲಿ ಕಿವಿಯ ಗುಗ್ಗೆ ಕೂತಿರುತ್ತೆ. ಮೇಲಿನ ಟೋನ್‌ಗಳಿಗೆ ಮಗಳನ್ನು ಕೂರಿಸುತ್ತೇನೆ. ನನಗೆ 47, ನನ್ನ ಕಿವಿ 13,000ಕ್ಕೆ ನಿಲ್ಲುತ್ತೆ. ಅವಳಿಗೆ 17,000ದವರೆಗೂ ಕೇಳಿಸುತ್ತೆ.

ಅವತ್ತು ಮಾತಾಡಿದವರೇ ಈಗ ಬಾಕ್ಸ್ ತಂದು ಇಟ್ಟು ಹೋಗುತ್ತಾರೆ. ಒಂದಕ್ಕೆ 150 ತಗೊಳ್ತೀನಿ, ತೊಂದರೆ ಸಿಗದಿದ್ದರೆ ದುಡ್ಡು ಬೇಡ. ಸದ್ಯ ಶಿರಾದಿಂದ ಬಂದ ನಾಲ್ಕು ಬಾಕ್ಸ್ ಹಾಲ್‌ನಲ್ಲಿವೆ. ಅದರಲ್ಲಿ ಒಂದು 90ಕ್ಕೆ ಪಟಪಟ ಅನ್ನುತ್ತೆ. ಕೋನ್ ನಡುವಿನ ಟೋಪಿ ಬಿಟ್ಟಿರಬೇಕು ಅಂತ ಅನುಮಾನ. ಸಂಜೆ ರಸ್ತೆ ಗದ್ದಲ ಇಳಿದ ಮೇಲೆ ತಾರಸಿಗೆ ಒಯ್ದು ಪೈಪ್ ಹಿಡಿದು ಕೂರಬೇಕು.