ಗಬ್ಬದ ನಾಯಿಯನ್ನು ನೆಮ್ಮದಿಯಾಗಿಡುವುದು ಹೇಗೆ?

ಮರಿಯ ಗುಣ ಅದು ಕಣ್ಣು ಬಿಟ್ಟ ಮೇಲೆ ಶುರುವಾಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ತಾಯಿಯ ಹೆದರಿಕೆ ಹೊಟ್ಟೆಯೊಳಗಿನ ಮರಿಗೂ ಮುಟ್ಟುತ್ತದೆ.

1957ರಲ್ಲಿ ವಿಲಿಯಂ ಥಾಂಪ್ಸನ್ ಎಂಬ ವಿಜ್ಞಾನಿ ಇದನ್ನು ಇಲಿಗಳಲ್ಲಿ ತೋರಿಸಿದರು. ಬಜರ್ ಸದ್ದಾದಾಗ ಬಾಗಿಲು ದಾಟಿ ಓಡದಿದ್ದರೆ ಕರೆಂಟ್ ಹೊಡೆಯುತ್ತದೆ ಎಂದು ಹೆಣ್ಣಿಲಿಗಳಿಗೆ ಮೊದಲೇ ಕಲಿಸಿದ್ದರು. ಅವು ಗಬ್ಬವಾದ ಮೇಲೆ ಬಾಗಿಲು ಮುಚ್ಚಿ, ಬಜರ್ ಮಾತ್ರ ಒತ್ತಿದರು. ಕರೆಂಟ್ ಕೊಡಲೇ ಇಲ್ಲ. ಬರೀ ಭಯ. ಅವುಗಳ ಮರಿಗಳು ಗೂಡಿನಿಂದ ಹೊರಬರಲು ತಡಮಾಡಿದವು, ತೆರೆದ ಜಾಗದಲ್ಲಿ ಬಿಟ್ಟರೆ ಕಡಿಮೆ ಓಡಾಡಿದವು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹೆದರಿದ ತಾಯಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಹೊಟ್ಟೆಯಲ್ಲಿ ಮರಿಯನ್ನು ತಾಯಿಗೆ ಜೋಡಿಸುವ ಮಾಸು ಅದರ ಬಹುಪಾಲನ್ನು ಮರಿಗೆ ತಲುಪದಂತೆ ತಡೆಯುತ್ತದೆ. ಒತ್ತಡ ದಿನವೂ ಇದ್ದರೆ ಆ ತಡೆ ಸಡಿಲವಾಗಬಹುದು. ಹಾರ್ಮೋನು ಬೆಳೆಯುತ್ತಿರುವ ಮಿದುಳನ್ನು ಮುಟ್ಟಿದರೆ ಮರಿ ಸಣ್ಣ ಸದ್ದಿಗೂ ಬೆಚ್ಚುವಂತಾಗಬಹುದು. ಕೋತಿ, ಹಂದಿ, ಕುರಿಗಳಲ್ಲೂ ಇಂಥ ಪರಿಣಾಮ ಕಂಡಿದೆ.

ನೀವು ಮಾಡಬೇಕಾದ್ದು ಇಷ್ಟು.

1. ನಾಯಿ ಸುಮಾರು 63 ದಿನ ಗಬ್ಬವಾಗಿರುತ್ತದೆ. ಅಷ್ಟು ದಿನ ಊಟ, ಓಡಾಟದ ಹೊತ್ತು ಬದಲಿಸಬೇಡಿ. ದೂರದ ಪ್ರಯಾಣ ಬೇಡ.

2. ಮರಿ ಹಾಕುವ ಪೆಟ್ಟಿಗೆಯನ್ನು ಒಂದೆರಡು ವಾರ ಮೊದಲೇ ಇಡಿ. ಜನ ಜಾಸ್ತಿ ಓಡಾಡದ ಮೂಲೆ ಆಗಲಿ. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ತೊಳೆಯದೆ ಹಾಗೇ ಒಳಗೆ ಹಾಸಿ. ತನ್ನದೇ ವಾಸನೆ ಸಿಕ್ಕರೆ ನಾಯಿಗೆ ಧೈರ್ಯ. ಎಳೆದು ಕೂರಿಸಬೇಡಿ. ಮೂಸಿ ನೋಡಿ ಹೊರಗೆ ಬಂದರೂ ಸುಮ್ನೆ ಬಿಡಿ, ನಾಳೆ ತಾನೇ ಹೋಗುತ್ತದೆ.

3. ದಿನವೂ ಮುಖ ನೋಡಿ. ಕಿವಿ ಹಿಂದಕ್ಕೆ ಮಡಚಿದೆಯಾ? ಬಾಲ ಕಾಲ ಸಂದಿಗೆ ಹೋಗಿದೆಯಾ? ಮತ್ತೆ ಮತ್ತೆ ತುಟಿ ನೆಕ್ಕುತ್ತಿದೆಯಾ? ಯಾವುದಕ್ಕೆ ಹೆದರಿದೆ ಎಂದು ಹುಡುಕಿ, ಅದನ್ನು ದೂರ ಮಾಡಿ. ಗದರಲೇಬೇಡಿ. ಊಟ ಬಿಟ್ಟರೆ, ಸೆಖೆ ಇಲ್ಲದೆಯೂ ಏದುಸಿರು ಬಿಟ್ಟರೆ ಪಶುವೈದ್ಯರಿಗೆ ತೋರಿಸಿ. ನೀವಾಗಿಯೇ ಔಷಧಿ ಕೊಡಬೇಡಿ.

4. ಬೀದಿಯಿಂದ ತಂದ ನಾಯಿ ಮೊದಲೇ ತುಂಬ ಹೆದರಿತ್ತು ಅನ್ನಿ. ಕೈಚೆಲ್ಲಬೇಡಿ. ಒತ್ತಡದಲ್ಲಿದ್ದ ತಾಯಿಯ ಇಲಿಮರಿಗಳನ್ನು ಹುಟ್ಟಿದ ಮೊದಲ ವಾರಗಳಲ್ಲಿ ದಿನವೂ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಾಗ ಭಯ ಕಡಿಮೆಯಾದದ್ದು ಕಂಡಿದೆ. ತಾಯಿ ಒಪ್ಪಿದರೆ, ಅದರ ಕಣ್ಣೆದುರೇ, ಬೆಚ್ಚಗಿನ ಅಂಗೈಯಲ್ಲಿ ಒಂದೊಂದೇ ಮರಿಯನ್ನು ಒಂದೆರಡು ನಿಮಿಷ ಹಿಡಿಯಿರಿ. ಕುಂಯ್‌ಗುಟ್ಟಿದ ಕೂಡಲೇ ತಾಯಿಯ ಮೊಲೆಯ ಹತ್ತಿರ ಬಿಡಿ.