ಹಳೆಯ ನಕ್ಷೆ ಹಿಡಿದು ಜೆಡ್‌ಬರೋ ನೋಡಿದ್ದು: ನನ್ನ ಅನುಭವ

ನಾಲ್ಕು ಸಾವಿರದಷ್ಟು ಜನರಿರುವ ಊರೊಂದರಲ್ಲಿ ನಾಲ್ಕೈದು ದಿನ ಉಳಿಯುತ್ತೇನೆಂದು ಹೇಳಿದಾಗ, ವರ್ಷಗಳಿಂದ ಬ್ರಿಟನ್ನಿನಲ್ಲಿ ನನ್ನೊಡನೆ ಸುತ್ತಾಡುತ್ತಿರುವ ಕನ್ನಡದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಇಂಗ್ಲೆಂಡಿನ ಗಡಿ ದಾಟಿ ಹತ್ತು ಮೈಲಿ ಬಂದರೆ ಸಿಗುವ ಸ್ಕಾಟ್ಲೆಂಡಿನ ಜೆಡ್‌ಬರೋವನ್ನು ಎಡಿನ್‌ಬರೋಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ನಿಂತು ನೋಡಿದರೆ ಸಾಕು, ಕಾರಿಲ್ಲದೆ ಅಲ್ಲಿಗೆ ಹೋಗುವುದೇ ವ್ಯರ್ಥ ಎಂಬುದು ಅವರ ಖಚಿತ ಮತವಾಗಿತ್ತು. ಈಗ ಅದೇ ಬಳಗದ ಇಬ್ಬರು ನನ್ನ ಕ್ರಮವನ್ನೇ ಹಿಡಿದು ಪಕ್ಕದ ಕೆಲ್ಸೋ ಪಟ್ಟಣವನ್ನು ನೋಡಿಕೊಂಡು ಬಂದಿರುವುದರಿಂದ, ಅದನ್ನು ಬರೆದಿಡುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ಬಸ್ಸು, ರೈಲು, ಮುಂಗಡ ಟಿಕೆಟ್ಟುಗಳ ವಿಚಾರ ಓದುಗರಿಗೆ ಗೊತ್ತಿರುವುದರಿಂದ ಅದನ್ನೆಲ್ಲ ಬಿಟ್ಟಿದ್ದೇನೆ.

ಮೊದಲು ಹಣ ಹಾಳಾದ ದಾರಿಗಳನ್ನು ಹೇಳುತ್ತೇನೆ. ಒಂದೇ ದಿನದಲ್ಲಿ ಮೆಲ್ರೋಸ್, ಡ್ರೈಬರೋ, ಜೆಡ್‌ಬರೋಗಳ ಮೂರು ಅಬೆಗಳನ್ನು, ಅಂದರೆ ಹಳೆಯ ಕ್ರೈಸ್ತ ಮಠಗಳನ್ನು, ತೋರಿಸುವ ಪ್ರವಾಸಿ ಬಸ್ಸಿಗೆ ಇಬ್ಬರಿಂದ ನೂರು ಪೌಂಡಿನ ಹತ್ತಿರ ಹೋಯಿತು. ಜೆಡ್‌ಬರೋದಲ್ಲಿ ಸಿಕ್ಕಿದ್ದು ಮುಕ್ಕಾಲು ಗಂಟೆ, ಅದರಲ್ಲೂ ಅರ್ಧ ಶೌಚಾಲಯದ ಸಾಲಿಗೆ ಮತ್ತು ಅಂಗಡಿಗೆ ಕಳೆಯಿತು. ಇನ್ನೊಮ್ಮೆ ಬಾಡಿಗೆ ಕಾರು ತೆಗೆದುಕೊಂಡೆವು. ವಿಮೆ, ಇಂಧನ ಸೇರಿ ಇನ್ನೂರು ದಾಟಿತು. ಕಾರು ನಮ್ಮನ್ನು ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಒಯ್ದಿತೇ ಹೊರತು, ಊರಿನ ಏರು ಎಷ್ಟೆಂಬುದನ್ನು ಕಾಲಿಗೆ ತಿಳಿಯಗೊಡಲಿಲ್ಲ. ಫೋನಿನ ಮಾರ್ಗದರ್ಶಿ ಆ್ಯಪ್‌ಗಳು ಜನಪ್ರಿಯತೆಯ ಕ್ರಮದಲ್ಲಿ ಸ್ಥಳಗಳನ್ನು ಪಟ್ಟಿ ಮಾಡುತ್ತವೆ. ಅವುಗಳನ್ನು ನಂಬಿ ನಡೆದರೆ ಒಂದು ಕಟ್ಟಡಕ್ಕೂ ಮತ್ತೊಂದಕ್ಕೂ ಇರುವ ಸಂಬಂಧ ಕಾಣುವುದೇ ಇಲ್ಲ.

ಕೊನೆಗೆ ಕೈಹಿಡಿದದ್ದು ಒಂದು ಹಳೆಯ ನಕ್ಷೆ. ಜಾನ್ ವುಡ್ ಎಂಬ ಭೂಮಾಪಕ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಹಲವಾರು ಪಟ್ಟಣಗಳನ್ನು ಅಳೆದು ನಕ್ಷೆ ತಯಾರಿಸಿದ್ದ; ಜೆಡ್‌ಬರೋದ ನಕ್ಷೆ 1823ರದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವನ್ನು ಉಚಿತವಾಗಿ ನೋಡಲು ಕೊಟ್ಟಿದೆ. ವುಡ್‌ನ ವೈಶಿಷ್ಟ್ಯವೆಂದರೆ ನಿವೇಶನಗಳ ಮೇಲೆ ಆಗಿನ ಮಾಲೀಕರ ಹೆಸರನ್ನೂ ಬರೆದಿರುವುದು. ನಾನು ಅದನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಇಂದಿಗೂ ನಿಂತಿರುವುದನ್ನು ಕೆಂಪಿನಲ್ಲಿ, ಇಲ್ಲವಾದದ್ದನ್ನು ನೀಲಿಯಲ್ಲಿ ಗುರುತಿಸುತ್ತ ನಡೆದೆ. ಖರ್ಚು ಆರೇಳು ಪೌಂಡ್ ಇರಬಹುದು. ಫೋನಿನಲ್ಲಿ ಹಳೆಯ ನಕ್ಷೆಯನ್ನು ಇಂದಿನದರ ಮೇಲೆ ಹೊಂದಿಸಿಕೊಳ್ಳಲು ಬೇರೊಂದು ಅಳತೆಯ ನಕ್ಷೆಯನ್ನು ನಡುವೆ ಬಳಸುತ್ತೇನೆ. ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಎಲ್ಲರೂ ಅಬೆಯಿಂದ ಆರಂಭಿಸುತ್ತಾರೆ, ನಾನು ನೀರಿನಿಂದ ಆರಂಭಿಸಿದೆ. ಜೆಡ್ ಹೊಳೆಯ ಮೇಲೆ ಹದಿನಾರನೆಯ ಶತಮಾನದ ಮೂರು ಕಮಾನಿನ ಕಲ್ಲುಸೇತುವೆಯಿದೆ. ಕೆಳಗಿಳಿದು ನೋಡಿದರೆ ಕಮಾನಿನ ಒಳಮೈಗೆ ಕಲ್ಲಿನ ಪಟ್ಟಿಗಳು ಕಾಣುತ್ತವೆ; ರಸ್ತೆಯಿಂದ ನೋಡುವವರಿಗೆ ಅವು ಕಾಣುವುದಿಲ್ಲ. ಆ ಸೇತುವೆಯಿಂದ ಕ್ಯಾನನ್‌ಗೇಟ್ ಬೀದಿ ಹಿಡಿದು ಮಾರುಕಟ್ಟೆ ಚೌಕಕ್ಕೆ, ಅಲ್ಲಿಂದ ಕ್ಯಾಸಲ್‌ಗೇಟ್ ಏರಿ ಗುಡ್ಡದ ತುದಿಗೆ ನಡೆದರೆ, ಊರು ಏಕೆ ಈ ಆಕಾರದಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ: ತುದಿಯಲ್ಲಿ ಕೋಟೆ, ಬುಡದಲ್ಲಿ ಮಠ ಮತ್ತು ಹೊಳೆ, ನಡುವೆ ಬೀದಿಗಳು ಕೂಡುವಲ್ಲಿ ಸಂತೆ. ಕೆಲಿಡೋಸ್ಕೋಪನ್ನು ಕಂಡುಹಿಡಿದ ಡೇವಿಡ್ ಬ್ರೂಸ್ಟರ್ 1781ರಲ್ಲಿ ಕ್ಯಾನನ್‌ಗೇಟಿನಲ್ಲೇ ಹುಟ್ಟಿದ. ಅವನು ಅದರ ಪೇಟೆಂಟ್ ಪಡೆದದ್ದು 1817ರಲ್ಲಿ, ವುಡ್ ಈ ಬೀದಿಯನ್ನು ಅಳೆಯುವುದಕ್ಕೆ ಆರು ವರ್ಷ ಮುಂಚೆ.

ಕ್ಯಾಸಲ್‌ಗೇಟಿನ ಎರಡೂ ಬದಿಗೆ ಮನೆಗಳ ನಡುವಿನಿಂದ ಒಳಸರಿಯುವ ಕಿರಿದಾದ ಓಣಿಗಳಿವೆ. 1745ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗುತ್ತಿದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ತಂಗಿದ್ದ ಮನೆಯೂ ಈ ಬೀದಿಯಲ್ಲೇ ಇದೆ. ಮನೆಗಳ ಹಿಂದೆ ಉದ್ದಕ್ಕೆ ಚಾಚಿದ ಹಿತ್ತಲುಗಳ ಗಡಿಗೋಡೆಗಳು ವುಡ್‌ನ ಗೆರೆಗಳೊಂದಿಗೆ ಹಲವೆಡೆ ಹೊಂದಿದ್ದನ್ನು ಕಂಡಾಗ ನನಗಾದ ಸಂತೋಷ ಬಹಳ ದೊಡ್ಡದು. ಹಿತ್ತಲು ನೋಡಲು ಮನೆಯವರ ಅನುಮತಿ ಬೇಕು. ನಾನು ಕೇಳಿದಲ್ಲೆಲ್ಲ ಬಹುತೇಕ ಬಾಗಿಲು ತೆರೆದಿದೆ, ಆದರೆ ಹೇಗೆ ಕೇಳುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಬಳಸಿದರೆ ಆ ಬಾಗಿಲುಗಳು ಮುಚ್ಚಿಹೋಗುತ್ತವೆ.

ಬೀದಿಯ ತುದಿಯಲ್ಲಿ ಕೋಟೆಯಂತೆಯೇ ತೆನೆಗಳುಳ್ಳ ಕಟ್ಟಡವೊಂದಿದೆ. ಅದು ಕೋಟೆಯಲ್ಲ, ಸೆರೆಮನೆ. 1165ರಲ್ಲಿ ದೊರೆ ನಾಲ್ಕನೆಯ ಮಾಲ್ಕಮ್ ಕೊನೆಯುಸಿರೆಳೆದ ನಿಜವಾದ ಕೋಟೆಯನ್ನು, ಇಂಗ್ಲಿಷರ ಕೈಗೆ ಮತ್ತೆ ಸಿಗಬಾರದೆಂದು ಸ್ಕಾಟರೇ 1409ರಲ್ಲಿ ನೆಲಸಮ ಮಾಡಿದರು. ಅದೇ ಜಾಗದಲ್ಲಿ, ಸೆರೆಮನೆ ಸುಧಾರಕ ಜಾನ್ ಹೋವರ್ಡ್ ಪ್ರತಿಪಾದಿಸಿದ ಸುಧಾರಣೆಗಳಿಗೆ ಅನುಗುಣವಾಗಿ ಆರ್ಚಿಬಾಲ್ಡ್ ಎಲಿಯಟ್ ರೂಪಿಸಿದ ಸೆರೆಮನೆ 1823ರಲ್ಲಿ ತೆರೆಯಿತು. ವುಡ್‌ನ ಕಾಲಕ್ಕೆ ಅದು ಊರಿನ ಹೊಚ್ಚಹೊಸ ಕಟ್ಟಡ. ಪ್ರವೇಶ ಉಚಿತವಾದ್ದರಿಂದ ಎರಡು ಬಾರಿ ಹೋಗಲು ಯೋಚಿಸಬೇಕಾಗಲಿಲ್ಲ.

ಅಬೆಗೆ ಹೆಚ್ಚು ಸಮಯ ಕೊಟ್ಟೆ, ಕೊಡಲೇಬೇಕು. ದೊರೆ ಮೊದಲನೆಯ ಡೇವಿಡ್ 1138ರ ಸುಮಾರಿಗೆ ಅಗಸ್ಟೀನಿಯನ್ ಪಂಥದವರಿಗಾಗಿ ಸ್ಥಾಪಿಸಿದ ಈ ಮಠಕ್ಕೆ ಸೂರಿಲ್ಲದಿದ್ದರೂ ಗೋಡೆಗಳು ಬಹುಪಾಲು ಪೂರ್ಣ ಎತ್ತರಕ್ಕೆ ನಿಂತಿವೆ. ಪೂರ್ವ ತುದಿಯಲ್ಲಿ ದಪ್ಪನೆಯ ದುಂಡುಗಂಬಗಳು ಎರಡು ಅಂತಸ್ತು ಒಂದೇ ಸಮನೆ ಮೇಲೇರಿ, ಕೆಳಂತಸ್ತಿನ ಕಮಾನುಗಳನ್ನು ತಮ್ಮ ನಡುವೆ ಹಿಡಿದುಕೊಂಡಿವೆ. ಪಶ್ಚಿಮಕ್ಕೆ ನಡೆದಂತೆ ಒಂಬತ್ತು ಅಂಕಣಗಳ ನಡುಸಾಲಿನಲ್ಲಿ ಕಮಾನು ಚೂಪಾಗುತ್ತದೆ, ಗೋಡೆ ಹಗುರವಾಗುತ್ತದೆ. ಕೆಲವು ದಶಕಗಳಲ್ಲಿ ಕಟ್ಟುವವರ ಕೈ ಬದಲಾದದ್ದನ್ನು ಇಷ್ಟು ಸ್ಪಷ್ಟವಾಗಿ ತೋರುವ ಕಟ್ಟಡ ಗಡಿನಾಡಿನಲ್ಲಿ ಬೇರೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಮೆಲ್ರೋಸ್ ಹೆಚ್ಚು ಚೆಲುವಾದರೂ ಕಲಿಸುವುದು ಜೆಡ್‌ಬರೋ. 1285ರಲ್ಲಿ ದೊರೆ ಮೂರನೆಯ ಅಲೆಕ್ಸಾಂಡರ್ ಇಲ್ಲಿ ಎರಡನೆಯ ಮದುವೆಯಾದ. ಮರುವರ್ಷವೇ ಕಿಂಗ್‌ಹಾರ್ನ್ ಬಳಿ ಬಿದ್ದು ಸತ್ತ. 1544 ಮತ್ತು 1545ರಲ್ಲಿ ಇಂಗ್ಲಿಷ್ ಸೇನೆ ಸುಟ್ಟ ಮೇಲೂ, ಇದರ ಒಂದು ಭಾಗ 1870ರ ದಶಕದವರೆಗೆ ಊರಿನ ಚರ್ಚಾಗಿತ್ತು. 1984ರ ಉತ್ಖನನದಲ್ಲಿ ಸಿಕ್ಕಿದ ವಾಲ್ರಸ್ ದಂತದ ಪುಟ್ಟ ಬಾಚಣಿಗೆಯನ್ನು ಆತುರದ ಪ್ರವಾಸಿಗಳು ನೋಡದೆಯೇ ಹೋಗುತ್ತಾರೆ.

ಇಲ್ಲೊಂದು ಉಪಪ್ರಯೋಗ ಮಾಡಿದೆ. ಮಧ್ಯಾಹ್ನದ ಬೆಳಕಿನಲ್ಲಿ ತೆಗೆದ ನೂರಾರು ಚಿತ್ರಗಳು ಚಪ್ಪಟೆಯಾಗಿ ಬಂದು ಯಾವ ಕೆತ್ತನೆಯೂ ಓದಲಾಗುತ್ತಿರಲಿಲ್ಲ. ಅಕ್ಟೋಬರಿನ ಇಳಿಬಿಸಿಲು ಗೋಡೆಗೆ ಸವರಿಕೊಂಡು ಹೋಗುವ ಗಂಟೆಯಲ್ಲಿ ಪಶ್ಚಿಮ ಬಾಗಿಲಿನ ಕಮಾನು ನೋಡಿದಾಗ ಉಳಿಯ ಗುರುತುಗಳೂ ಎದ್ದು ಬಂದವು. ಮಳೆ ನಿಂತ ಮೇಲಿನ ಅರ್ಧ ಗಂಟೆ ಇನ್ನೂ ಬೆಲೆಬಾಳುವಂಥದು: ದುರಸ್ತಿಯಲ್ಲಿ ಸೇರಿಸಿದ ಕಲ್ಲು ಮತ್ತು ಮೂಲದ ಮರಳುಗಲ್ಲು ಬೇರೆ ಬೇರೆ ವೇಗದಲ್ಲಿ ಆರುವುದರಿಂದ, ಎಲ್ಲಿ ಹೊಸ ಕೈ ಆಡಿದೆಯೆಂದು ಬಣ್ಣವೇ ಹೇಳುತ್ತದೆ. ಟಿಕೆಟ್ಟು ಏಳೆಂಟು ಪೌಂಡಿನ ಆಸುಪಾಸು. ಬಹುದಿನದ ಪಾಸು ಕೊಂಡರೆ ಮತ್ತೆ ಮತ್ತೆ ಹೋಗುವವರಿಗೆ ಲಾಭ.

ಸ್ಕಾಟ್ಲೆಂಡಿನ ರಾಣಿ ಮೇರಿಯ ಹೆಸರಿನ ಗೋಪುರದಂಥ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಅಕ್ಟೋಬರ್ ದಾಟಿಸಬಾರದು. 1566ರ ಅಕ್ಟೋಬರಿನಲ್ಲಿ ನ್ಯಾಯಸಭೆ ನಡೆಸಲು ಬಂದಿದ್ದ ಮೇರಿ, ಗಾಯಗೊಂಡಿದ್ದ ತನ್ನ ಸರದಾರ ಬಾತ್‌ವೆಲ್‌ನನ್ನು ನೋಡಲು ಹರ್ಮಿಟೇಜ್ ಕೋಟೆಗೆ ಕುದುರೆಯ ಮೇಲೆ ಹೋಗಿ ಅದೇ ದಿನ ಹಿಂತಿರುಗಿ, ಸಾಯುವಷ್ಟು ಕಾಯಿಲೆ ಬಿದ್ದಳು. ಈ ಮನೆಯ ಸುರುಳಿ ಮೆಟ್ಟಿಲು ವಾಡಿಕೆಗೆ ವಿರುದ್ಧವಾಗಿ ತಿರುಗುತ್ತದೆ. ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದ ಕೆರ್ ಮನೆತನದವರಿಗಾಗಿ ಹಾಗೆ ಕಟ್ಟಿದ್ದೆಂದು ಊರಿನವರು ಹೇಳುತ್ತಾರೆ. ಹತ್ತಿ ಇಳಿದು ನೋಡಿದರೆ, ಮೇಲೆ ನಿಂತವನ ಎಡಗೈಗೆ ಜಾಗ ಹೆಚ್ಚು ಸಿಗುವುದು ನಿಜ.

ಊರ ಹೊರಗಿನ ಎರಡು ನಡಿಗೆಗಳೂ ಇದೇ ಕ್ರಮದ ಫಲ. ದಕ್ಷಿಣಕ್ಕೆ ಸ್ವಲ್ಪ ದೂರದ ಇಂಚ್‌ಬಾನಿಯಲ್ಲಿ, ಲಂಬವಾಗಿ ನಿಂತ ಹಳೆಯ ಶಿಲೆಯ ಮೇಲೆ ಕೆಂಪು ಮರಳುಗಲ್ಲು ಅಡ್ಡಲಾಗಿ ಕೂತಿರುವುದನ್ನು ಭೂವಿಜ್ಞಾನಿ ಜೇಮ್ಸ್ ಹಟನ್ 1787ರಲ್ಲಿ ಕಂಡು, ಭೂಮಿಯ ವಯಸ್ಸು ಜನ ನಂಬಿದ್ದಕ್ಕಿಂತ ಅಪಾರ ಎಂದು ವಾದಿಸಿದ. ನಾನು ಹೋದಾಗ ಗಿಡಗಂಟಿ ಮುಚ್ಚಿ ಫೋಟೋ ಪ್ರಯತ್ನಗಳೆಲ್ಲ ಸೋತವು, ಕಣ್ಣಿಗೆ ಮಾತ್ರ ಕಂಡಿತು. ಇನ್ನೊಂದು, ಹಾವಿಕ್ ಕಡೆಯ ಬಸ್ಸಿನಲ್ಲಿ ಸಿಗುವ ಡೆನ್‌ಹೋಮ್ ಹಳ್ಳಿ. 1775ರಲ್ಲಿ ಅಲ್ಲಿ ಹುಟ್ಟಿದ ಜಾನ್ ಲೇಡನ್ ವೈದ್ಯನಾಗಿ ಮದ್ರಾಸಿಗೆ ಬಂದು, ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ಕೆಲಸ ಮಾಡಿ, ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಮಲಗಿದ್ದವನು. ಹಳ್ಳಿಯ ಹಸಿರಿನ ನಡುವೆ 1861ರ ಸ್ಮಾರಕವಿದೆ, ಅವನು ಹುಟ್ಟಿದ ಹುಲ್ಲುಮಾಡಿನ ಮನೆಯೂ ಇದೆ. ಕನ್ನಡಿಗರು ಈ ದಾರಿಯಲ್ಲಿ ಇಳಿಯದೆ ಹೋಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಲೆಕ್ಕ ಹೀಗಿದೆ: ರಾತ್ರಿಗೆ ಅರವತ್ತರ ಆಸುಪಾಸಿನ ಕೋಣೆ, ಬಸ್ಸು, ಟಿಕೆಟ್ಟು, ಊಟ ಸೇರಿ ಇಬ್ಬರಿಗೆ ಮುನ್ನೂರೈವತ್ತು ಪೌಂಡಿನ ಸುಮಾರು, ಹಿಂದೆ ಬಸ್ಸಿಗೂ ಕಾರಿಗೂ ಸುರಿದ ಮುನ್ನೂರಕ್ಕೆ ಸಿಕ್ಕಿದ್ದು ಕೆಲವೇ ಗಂಟೆ. ಕೋಣೆಯ ಬಾಡಿಗೆಗೆ ಕೊಟ್ಟ ನೋಟುಗಳಲ್ಲಿ ಕೆಲವು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಹತ್ತು ಪೌಂಡಿನವು, ಅವುಗಳ ಮೇಲಿರುವುದು 1780ರಲ್ಲಿ ಈ ಊರಲ್ಲೇ ಹುಟ್ಟಿದ ವಿಜ್ಞಾನಿ ಮೇರಿ ಸಾಮರ್‌ವಿಲ್‌ರ ಮುಖ. ಮುಂದಿನ ಸರದಿ ಹಾವಿಕ್‌ನದು, ಅದಕ್ಕೂ 1824ರ ವುಡ್‌ನ ನಕ್ಷೆಯಿದೆ; ಗಿರಣಿಗಳು ಬೆಳೆದ ಊರಾದ್ದರಿಂದ ಅಲ್ಲಿ ಕೆಂಪಿಗಿಂತ ನೀಲಿ ಪೆನ್ಸಿಲ್ಲೇ ಹೆಚ್ಚು ಸವೆಯಬಹುದೆಂದು ಎರಡು ಕೊಂಡಿಟ್ಟಿದ್ದೇನೆ.